ಲಾರಿ ಕಟ್ಟುವುದಾದರೆ ಟಯರಿನಿಂದ ಶುರು ಮಾಡಿ

ಮರದಲ್ಲಿ ಲಾರಿಯ ಮಾದರಿ ಮಾಡಲು ಹೊರಟವರು ಹೆಚ್ಚಾಗಿ ಮೊದಲು ಕ್ಯಾಬಿನ್‌ಗೆ ಕೈ ಹಾಕುತ್ತಾರೆ. ಲಾರಿಯ ಮುಖ ಅದೇ ಅಲ್ವಾ? ನಾನೂ ಹಾಗೇ ಮಾಡಿದ್ದೆ. ಮುಖ ಚೆನ್ನಾಗಿಯೇ ಬಂತು. ಚಕ್ರ ಹಾಕಿ ನೋಡಿದರೆ ಲಾರಿ ಹೋಗಿ ಜಾತ್ರೆಯ ಆಟಿಕೆ ಆಗಿತ್ತು. ಟಯರು ಬರೀ ನಾಲ್ಕು ಮಿಲಿಮೀಟರ್ ಸಣ್ಣದಾಗಿತ್ತು, ಅಷ್ಟೇ. ಈಗ ನಾನು ಮೊದಲು ಟಯರು ಮಾಡುತ್ತೇನೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಅಳತೆ

ಮಂಗಳೂರಿನವರಿಗೆ ಲಾರಿ ಹುಡುಕುವ ಕಷ್ಟವಿಲ್ಲ. ಪಣಂಬೂರಿನಲ್ಲಿ ಬಂದರು, ಪಕ್ಕದಲ್ಲೇ ಬೈಕಂಪಾಡಿಯ ಕೈಗಾರಿಕಾ ಪ್ರದೇಶ. ಹೆದ್ದಾರಿ 66ರ ಬದಿಯಲ್ಲಿ ಹತ್ತು ಚಕ್ರದ್ದು, ಹನ್ನೆರಡು ಚಕ್ರದ್ದು, ಕಂಟೇನರ್ ಹೊತ್ತದ್ದು ಎಲ್ಲ ಸಾಲಾಗಿ ನಿಂತಿರುತ್ತವೆ. ಟೇಪು ಹಿಡಿದು ಸುತ್ತುವ ಮುಂಚೆ ಡ್ರೈವರ್ ಹತ್ತಿರ ಒಂದು ಮಾತು ಕೇಳಿ. ನಾನು ಕೇಳದೆ ಬಗ್ಗಿ ಅಳೆಯುತ್ತಿದ್ದಾಗ ಮೇಲಿನಿಂದ ಒಂದು ತಲೆ ಹೊರಗೆ ಬಂತು. “ಎಂತ ಮಾರಾಯ್ರೆ, ಆರ್‌ಟಿಒದವರಾ?” ವಿಷಯ ಹೇಳಿದ ಮೇಲೆ ಅವರೇ ಇಳಿದು ಬಂದು ಟೇಪಿನ ಇನ್ನೊಂದು ತುದಿ ಹಿಡಿದರು.

ನಮ್ಮ ಆಚಾರಿಗಳ ಲೆಕ್ಕ ಇನ್ನೂ ಅಡಿ, ಇಂಚಿನಲ್ಲೇ ನಡೆಯುತ್ತದೆ. ಹಾಗಾಗಿ 1:24 ಅನುಪಾತ ಸುಲಭ. ನಿಜವಾದ ಲಾರಿಯ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ಇಂಚು. 20 ಅಡಿಯ ಕಂಟೇನರ್ 10 ಇಂಚು ಉದ್ದ ಆಗುತ್ತದೆ. 8 ಅಡಿ ಅಗಲ 4 ಇಂಚು, ಎಂಟೂವರೆ ಅಡಿ ಎತ್ತರ ನಾಲ್ಕೂಕಾಲು ಇಂಚು. ಬಾಯಿಲೆಕ್ಕದಲ್ಲೇ ಮುಗಿಯುತ್ತದೆ.

ಟೇಪಿಗೆ ಸಿಗದ ಅಳತೆಗಳಿಗೆ ಟಯರೇ ಸ್ಕೇಲು. ಅದರ ಬದಿಯಲ್ಲಿ 10.00-20 ಎಂದು ಬರೆದಿದ್ದರೆ, 20 ಅಂದರೆ ರಿಮ್ಮಿನ ವ್ಯಾಸ, 10 ಅಂದರೆ ಟಯರಿನ ಅಗಲ, ಎರಡೂ ಇಂಚಿನಲ್ಲಿ. ಇಂಥ ಟಯರಿನ ಪೂರ್ತಿ ವ್ಯಾಸ ಸುಮಾರು 1,050 ಮಿಲಿಮೀಟರ್. ದೂರ ನಿಂತು, ಸರಿಯಾಗಿ ಪಕ್ಕದಿಂದ, ಜೂಮ್ ಮಾಡಿ ಒಂದು ಫೋಟೊ ತೆಗೆಯಿರಿ. ಪ್ರಿಂಟ್ ಹಾಕಿಸಿ ಟಯರನ್ನು ಅಳೆಯಿರಿ. ಬಾಗಿಲು ಟಯರಿನ ಎಷ್ಟು ಪಟ್ಟು, ಡೀಸೆಲ್ ಟ್ಯಾಂಕ್ ಎಷ್ಟು ಪಟ್ಟು ಎಂದು ಲೆಕ್ಕ ಹಾಕಿದರೆ ಸಾಕು. ಒಂದೇ ಎಚ್ಚರ, ಟಯರನ್ನು ಅಡ್ಡಕ್ಕೆ ಅಳೆಯಿರಿ. ನೆಟ್ಟಗೆ ಅಳೆದರೆ ತಪ್ಪುತ್ತದೆ, ಯಾಕೆಂದರೆ ಭಾರಕ್ಕೆ ತಳ ಚಪ್ಪಟೆಯಾಗಿರುತ್ತದೆ.

ಮರ

ಹೊಸ ಮರ ಕೊಳ್ಳಬೇಡಿ. ಪೀಠೋಪಕರಣ ಮಾಡುವಲ್ಲಿ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಛಾಸಿಗೆ ಮತ್ತು ಬಾಡಿಗೆ ಸಾಗುವಾನಿ, ಕ್ಯಾಬಿನ್‌ಗೆ ಹಲಸು, ಟಯರಿಗೆ ಬೀಟೆ. ಬೀಟೆ ತಾನೇ ಕಪ್ಪಗಿರುವುದರಿಂದ ಬಣ್ಣ ಬಳಿಯುವ ಕೆಲಸವಿಲ್ಲ. ಹಲಸಿನ ಹಳದಿ ವರ್ಷ ಕಳೆದಂತೆ ಕಂದಾಗುತ್ತದೆ, ಹಳೆಯ ಲಾರಿಯ ಹಾಗೆ. ಮಾವು, ರಬ್ಬರ್ ಮರ ಅಗ್ಗಕ್ಕೆ ಸಿಗುತ್ತವೆ, ಆದರೆ ಕುಟ್ಟೆ ಹುಳಕ್ಕೂ ಅವೆರಡು ಇಷ್ಟ.

ಹತ್ತು ಟಯರು

ಹತ್ತು ಚಕ್ರದ ಲಾರಿಗೆ ಒಂದೇ ಅಳತೆಯ ಹತ್ತು ಬಿಲ್ಲೆ ಬೇಕು. 44 ಮಿ.ಮೀ. ವ್ಯಾಸ, ಅರ್ಧ ಇಂಚು ದಪ್ಪ. ಒಂದು ಚೆಂದದ ಟಯರು ಯಾರು ಬೇಕಾದರೂ ಮಾಡಬಹುದು. ಹತ್ತು ಒಂದೇ ಥರ ಮಾಡುವುದೇ ಕೆಲಸ.

ಡ್ರಿಲ್ಲಿಗೆ ಹೋಲ್ ಸಾ (ದುಂಡಗೆ ಕೊಯ್ಯುವ, ಲೋಟದ ಆಕಾರದ ಗರಗಸ) ಹಾಕಿ ಬಿಲ್ಲೆ ಕತ್ತರಿಸಬೇಕು. ಹೋಲ್ ಸಾ ಮೇಲೆ ಬರೆದಿರುವುದು ತೂತಿನ ಅಳತೆ. ಒಳಗೆ ಉಳಿಯುವ ಬಿಲ್ಲೆ ಅದಕ್ಕಿಂತ ನಾಲ್ಕು ಮಿಲಿಮೀಟರಿನಷ್ಟು ಸಣ್ಣದು. ನನ್ನ ಮೊದಲ ಲಾರಿ ಆಟಿಕೆಯಾದದ್ದು ಇಲ್ಲೇ. 44 ಬೇಕಿದ್ದರೆ 48ರ ಹೋಲ್ ಸಾ ತನ್ನಿ. ಮೊದಲು ಬೇಡದ ತುಂಡಿನಲ್ಲಿ ಒಂದು ಕತ್ತರಿಸಿ ನೋಡಿ. ಹಲಗೆಯನ್ನು ಕ್ಲಾಂಪ್ ಹಾಕಿ ಬಿಗಿಯಿರಿ, ಕೈಯಲ್ಲಿ ಹಿಡಿಯಲೇಬೇಡಿ. ಬೀಟೆಯ ಹುಡಿ ಗಂಟಲು ಕೆರೆಯುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ಇನ್ನೊಂದು ವಿಷಯ ಲಾರಿಯ ಹತ್ತಿರ ನಿಂತು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಮುಂದಿನ ಚಕ್ರದ ಡಿಸ್ಕು ಹೊರಗೆ ಉಬ್ಬಿರುತ್ತದೆ. ಹಿಂದಿನದು ಬಟ್ಟಲಿನ ಹಾಗೆ ಒಳಗೆ ಹೋಗಿರುತ್ತದೆ. ಎರಡೂ ಒಂದೇ ಡಿಸ್ಕು, ಹಿಂದೆ ಜೋಡಿಯ ಹೊರಗಿನದನ್ನು ತಿರುಗಿಸಿ ಹಾಕಿರುತ್ತಾರೆ. ಹಿಂದಿನ ನಾಲ್ಕು ಹೊರಟಯರುಗಳಿಗೆ ಈ ಕುಳಿ ಬೇಕೇ ಬೇಕು. ಕಪಾಟಿಗೆ ಆಟೋ ಹಿಂಜಸ್ ಕೂರಿಸಲು ಆಚಾರಿಗಳು ಬಳಸುತ್ತಾರಲ್ಲ, ಚಪ್ಪಟೆ ತಳದ ಡ್ರಿಲ್ ಬಿಟ್ಟು, ಅದರದೇ 20 ಮಿ.ಮೀ.ನದ್ದು ತಂದು ಐದು ಮಿ.ಮೀ. ಆಳ ಕೊರೆಯಿರಿ. ಕುಳಿ ಮೊದಲು, ಬಿಲ್ಲೆ ಆಮೇಲೆ. ಬಿಲ್ಲೆ ಕತ್ತರಿಸಿ ಆದ ಮೇಲೆ ಕೊರೆಯಲು ಹೋದರೆ ನಡುವಿನ ತೂತಿನಿಂದಾಗಿ ಬಿಟ್ಟು ನಿಲ್ಲುವುದಿಲ್ಲ, ಅತ್ತಿತ್ತ ಓಡುತ್ತದೆ.

ಮೂರು ಮೂರು ಬಿಲ್ಲೆಗಳನ್ನು ಬೋಲ್ಟಿಗೆ ಪೋಣಿಸಿ, ನಟ್ಟು ಬಿಗಿದು, ಡ್ರಿಲ್ಲಿನಲ್ಲಿ ತಿರುಗಿಸುತ್ತಾ ಪಾಲಿಶ್ ಪೇಪರ್ ಹಿಡಿಯಿರಿ. ಪ್ಲೈವುಡ್ಡಿನ ಚೂರಿನಲ್ಲಿ ಸರಿಯಾಗಿ 44 ಮಿ.ಮೀ. ಅಗಲದ ಒಂದು ಗಾಡಿ (ಕಚ್ಚು) ಕಡಿದಿಟ್ಟುಕೊಳ್ಳಿ. ಪ್ರತಿ ಟಯರೂ ಅದರೊಳಗೆ ಅಲುಗಾಡದೆ ಜಾರಬೇಕು.

ಟಯರಿನ ಗೀರುಗಳನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಕೊನೆಗೆ ಒಂದು ಕಡೆ ಒತ್ತೊತ್ತಾಗುತ್ತದೆ. 138 ಮಿ.ಮೀ. ಉದ್ದದ ಕಾಗದದ ಪಟ್ಟಿ ತೆಗೆದುಕೊಳ್ಳಿ. ಟಯರಿನ ಸುತ್ತಳತೆ ಅಷ್ಟೇ. ಅದನ್ನು ನಾಲ್ಕು ಸಲ ಅರ್ಧಕ್ಕೆ ಮಡಚಿದರೆ 16 ಭಾಗ. ಪ್ರತಿ ಭಾಗದ ನಡುವೆ ಒಂದು ಗೆರೆ ಎಳೆದರೆ 32. ಪಟ್ಟಿಯನ್ನು ಟಯರಿಗೆ ಅಂಟಿಸಿ, ಗೆರೆಯ ಮೇಲೆ ಹ್ಯಾಕ್ಸಾ ಬ್ಲೇಡಿನಿಂದ ಒಂದು ಮಿ.ಮೀ. ಆಳಕ್ಕೆ ಕೊಯ್ಯಿರಿ. ಹತ್ತು ಟಯರಿಗೆ 320 ಗೀರು. ನನಗೆ ಎರಡು ಭಾನುವಾರ ಹಿಡಿಯಿತು.

ಚಕ್ರದ ನಟ್ಟುಗಳಿಗೆ ಹಿಡಿಸೂಡಿ (ಕಡ್ಡಿ ಪೊರಕೆ) ಕಡ್ಡಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಸಣ್ಣ ತೂತು ಕೊರೆದು, ಕಡ್ಡಿಯ ದಪ್ಪ ತುದಿ ತೂರಿಸಿ, ಒಂದು ಮಿ.ಮೀ. ಹೊರಗೆ ಬಿಟ್ಟು ಕತ್ತರಿಸಿ. ಎಷ್ಟು ನಟ್ಟು ಎಂಬುದನ್ನು ಲಾರಿಯಲ್ಲೇ ಎಣಿಸಿಕೊಂಡು ಬನ್ನಿ. ಮನೆಯ ಹಿಡಿಸೂಡಿ ತೆಳ್ಳಗಾದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಛಾಸಿ, ಬಾಡಿ, ಕ್ಯಾಬಿನ್

ಛಾಸಿ ಅಂದರೆ ಏಣಿ. ಎರಡು ಉದ್ದ ಪಟ್ಟಿ, ನಡುವೆ ಅಡ್ಡ ತುಂಡುಗಳು. ಹೆಚ್ಚಿನ ಲಾರಿಗಳಲ್ಲಿ ಇದರ ಅಗಲ ಮೂರು ಅಡಿಗಿಂತ ತುಸು ಕಡಿಮೆ, ಮಾದರಿಯಲ್ಲಿ ಒಂದೂವರೆ ಇಂಚಿನ ಒಳಗೆ. ಅಡ್ಡ ತುಂಡುಗಳನ್ನೆಲ್ಲ ಒಟ್ಟಿಗೆ ಹಿಡಿದು ಒಂದೇ ಸಲ ಕೊಯ್ಯಿರಿ. ಅಂಟಿಸುವುದು ಗಾಜಿನ ಹಲಗೆಯ ಮೇಲೆ. ಮೇಜು ಸಮ ಇದೆ ಎಂದು ನಂಬಬೇಡಿ. ಹೊರಗೆ ಬಂದ ಫೆವಿಕಾಲನ್ನು ಹಸಿ ಇರುವಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಅಲ್ಲಿ ಪಾಲಿಶ್ ಹಿಡಿಯುವುದಿಲ್ಲ, ಬಿಳಿ ಕಲೆ ಉಳಿಯುತ್ತದೆ.

ಸ್ಪ್ರಿಂಗ್ ಪ್ಲೇಟುಗಳಿಗೆ ವೆನೀರ್ (ಮರದ ತೆಳು ಹಾಳೆ) ಪಟ್ಟಿ ಸಾಕು. ಕೆಳಗೆ ಹೋದಂತೆ ಗಿಡ್ಡ ಮಾಡುತ್ತಾ ಹೋಗಿ, ಬಾಗಿದ ಅಚ್ಚಿನ ಮೇಲೆ ಒಟ್ಟಿಗೆ ಅಂಟಿಸಿ ಒಂದು ದಿನ ಬಿಗಿದಿಡಿ. ಚಕ್ರದ ಅಡ್ಡ ಸರಳಿಗೆ 6 ಮಿ.ಮೀ. ಕಬ್ಬಿಣದ ಸರಳು. ಹೋಲ್ ಸಾ ನಡುವಿನ ಬಿಟ್ಟು ಬಿಡುವ ತೂತೂ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಹಿಂದಿನ ಜೋಡಿ ಟಯರುಗಳ ನಡುವೆ ಒಂದು ವಾಷರ್ ಹಾಕಿ, ಅವು ಒಂದಕ್ಕೊಂದು ತಾಗಬಾರದು.

ಬಾಡಿಯ ತಳದ ಹಲಗೆಗಳನ್ನು ಒತ್ತಿ ಅಂಟಿಸಬೇಡಿ. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಪ್ರತಿ ಎರಡು ಹಲಗೆಯ ನಡುವೆ ಒಂದು ಪೋಸ್ಟ್ ಕಾರ್ಡ್ ಇಟ್ಟು ಅಂಟಿಸಿ, ಒಣಗುವ ಮುಂಚೆ ಎಳೆದುಬಿಡಿ.

ಕ್ಯಾಬಿನ್ನನ್ನು ಒಂದೇ ತುಂಡಿನಲ್ಲಿ ಕೆತ್ತಲು ಹೋಗಬೇಡಿ. ಎರಡು ಪಕ್ಕ, ಮುಂದೆ, ಹಿಂದೆ, ಮಾಡು (ಚಾವಣಿ), ಐದು ಹಲಗೆ. ಕಿಟಕಿಗಳನ್ನು ಜೋಡಿಸುವ ಮುಂಚೆಯೇ ಕೊಯ್ಯಿರಿ. ಗಾಜಿಗೆ ಶರ್ಟಿನ ಪೆಟ್ಟಿಗೆಯ ಪಾರದರ್ಶಕ ಹಾಳೆ ನಡೆಯುತ್ತದೆ. ಸೀಟು, ಸ್ಟೀರಿಂಗ್ ಎಲ್ಲ ಕೂರಿಸಿದ ಮೇಲೆ ಕೊನೆಗೆ ಮಾಡು. ನಾನು ಒಮ್ಮೆ ಸ್ಟೀರಿಂಗ್ ಮರೆತು ಮಾಡು ಅಂಟಿಸಿದೆ. ಆ ಲಾರಿ ಈಗಲೂ ಸ್ಟೀರಿಂಗ್ ಇಲ್ಲದೆಯೇ ನಿಂತಿದೆ.

ಕೆಎ 19 ನಂಬರ್ ಪ್ಲೇಟು, ಗಾಜಿನ ಮೇಲೆ ದೇವರ ಹೆಸರು, ಬಂಪರಿಗೆ ಲಿಂಬೆ ಮೆಣಸು, ಇವೆಲ್ಲ ನಿಮ್ಮ ಇಷ್ಟ.

ಪಾಲಿಶ್

ಪತ್ತನಾಜೆಗೆ (ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲಿನ ದಿನ, ಮೇ 24ರ ಸುಮಾರಿಗೆ) ಮುಂಚೆ ಪಾಲಿಶ್ ಮುಗಿಸಿ. ಅರಗು, ಸ್ಪಿರಿಟ್ ಬೆರೆಸಿದ ಫ್ರೆಂಚ್ ಪಾಲಿಶ್ ಮಳೆಯ ತೇವದಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ತಡವಾದರೆ ಸುಮ್ನೆ ದೀಪಾವಳಿಯವರೆಗೆ ಕಾಯಿರಿ.

ಆಮೇಲೆ ಲಾರಿಯನ್ನು ಗಾಜಿನ ಮೇಲೆ ನಿಲ್ಲಿಸಿ, ಒಂದೊಂದೇ ಟಯರಿನ ಕೆಳಗೆ ಕಾಗದ ತೂರಿಸಿ ನೋಡಿ. ಎಲ್ಲೂ ತೂರಬಾರದು. ಒಂದು ಜೋಡಿ ಮಾತ್ರ ನೆಲ ಬಿಟ್ಟಿದ್ದರೆ ಟಯರು ಕೀಸಬೇಡಿ. ಆ ಬದಿಯ ಸರಳು ಬಿಚ್ಚಿ, ಸ್ಪ್ರಿಂಗಿಗೂ ಸರಳಿಗೂ ನಡುವೆ ವೆನೀರಿನ ಒಂದು ಚೂರು ಇಟ್ಟರೆ ಚಕ್ರ ಕೆಳಗಿಳಿಯುತ್ತದೆ. ಇಡುವ ಜಾಗ ಪಡುವಣ ಗೋಡೆಯದ್ದು ಬೇಡ. ಜೂನ್ ಕಳೆಯುವುದರೊಳಗೆ ಆ ಗೋಡೆ ಒದ್ದೆಯಾಗಿ, ನೀವು ಕೊಯ್ದ 320 ಗೀರುಗಳಲ್ಲೂ ಬೂಷ್ಟು ಹಿಡಿದಿರುತ್ತದೆ.