ಥ್ರಾಟಲ್ ಬಾಡಿ ಬೋರ್ ಮಾಡಿಸೋ ಮೊದಲು ಅದರ ಶಾಫ್ಟ್ ನೋಡಿ

ನನ್ನದು ಹಳೆಯ ಮಾರುತಿ ಎಸ್ಟೀಮ್ ಕಾರು. 1.3 ಲೀಟರ್, 16 ವಾಲ್ವ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಪೆಟ್ರೋಲ್ ಇಂಜೆಕ್ಟರ್). ಥ್ರಾಟಲ್ ಬಾಡಿ ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ಕೊಳವೆ. ಅದರ ದುಂಡು ತೂತೇ ಬೋರ್, ತೂತನ್ನು ತೆರೆದು ಮುಚ್ಚುವ ತಟ್ಟೆ ಪ್ಲೇಟ್, ಆ ಪ್ಲೇಟನ್ನು ತಿರುಗಿಸುವ ಕಡ್ಡಿ ಶಾಫ್ಟ್. ಬೋರ್ ಮಾಡಿಸೋದು ಅಂದರೆ ಆ ತೂತನ್ನು ಕೊರೆದು ದೊಡ್ಡದು ಮಾಡಿಸೋದು. ಥ್ರಾಟಲ್ ಇನ್ನೂ ಕೇಬಲ್‌ದು, ಹಾಗಾಗಿ ಕೈ ಹಾಕೋದು ಸುಲಭ. ಹುಬ್ಬಳ್ಳಿ ಗ್ಯಾರೇಜುಗಳಲ್ಲಿ ಇಂಥ ಗಾಡಿ ನಿಲ್ಲಿಸಿದರೆ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ಗುಜರ್‍ಯಾಗ ದೊಡ್ಡ ಗಾಡಿ ಥ್ರಾಟಲ್ ಬಾಡಿ ಸಿಗತೈತ್ರಿ, ಹಾಕ್ಸಿಬಿಡ್ರಿ, ಪಿಕಪ್ ನೋಡ್ರಿ ಆಮ್ಯಾಲ." ನಾನು ಹಾಕಿಸಲಿಲ್ಲ. ಮೊದಲು ಗೇಜ್ ಕಟ್ಟಿದೆ.

ಮ್ಯಾನಿಫೋಲ್ಡಿನ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಭಾಗ) ಒಂದು ವ್ಯಾಕ್ಯೂಮ್ ಪೈಪಿಗೆ ಟೀ ಜಾಯಿಂಟ್ ಹಾಕಿ, ಉದ್ದನೆ ರಬ್ಬರ್ ಪೈಪ್ ಎಳೆದು, ವ್ಯಾಕ್ಯೂಮ್ ಗೇಜನ್ನು ತಮ್ಮನ ಕೈಗೆ ಕೊಟ್ಟೆ. ವರೂರು ದಾಟಿದ ಮೇಲೆ ಖಾಲಿ ರಸ್ತೆ ನೋಡಿ, ಎರಡನೇ ಗೇರಿನಲ್ಲಿ ಪೆಡಲ್ ಪೂರ್ತಿ ಒತ್ತಿ ಆರು ಸಾವಿರ ಆರ್‌ಪಿಎಂವರೆಗೆ ಎಳೆದೆ. (ಎರಡನೇ ಗೇರೇ ಸಾಕು, ಮೂರು-ನಾಲ್ಕರಲ್ಲಿ ಈ ಸಾಹಸ ಬೇಡ.) ಥ್ರಾಟಲ್ ಪೂರ್ತಿ ತೆರೆದಾಗ ಗೇಜ್ ಸೊನ್ನೆಯ ಹತ್ತಿರ ಇರಬೇಕು. ಎಷ್ಟು ವ್ಯಾಕ್ಯೂಮ್ ಉಳಿಯುತ್ತದೋ ಅಷ್ಟು ಗಾಳಿಗೆ ದಾರಿಯಲ್ಲಿ ಅಡ್ಡಿ ಇದೆ ಅಂತ ಅರ್ಥ. ನನ್ನದರಲ್ಲಿ ಎರಡು ಇಂಚಿನ (ಗೇಜಿನ ಅಳತೆ ಪಾದರಸದ ಇಂಚಿನಲ್ಲಿ) ಹತ್ತಿರ ಉಳಿಯುತ್ತಿತ್ತು. ಏರ್ ಫಿಲ್ಟರ್ ತೆಗೆದು ಒಂದೇ ಒಂದು ಸಲ ಎಳೆದು ನೋಡಿದೆ, ಮುಳ್ಳು ಒಂದು ಇಂಚಿನ ಸುಮಾರಿಗೆ ಇಳಿಯಿತು. ಅಂದರೆ ಅರ್ಧ ತೊಂದರೆ ಥ್ರಾಟಲ್ ಬಾಡಿದು ಅಲ್ಲವೇ ಅಲ್ಲ. ನವಲಗುಂದ ಕಡೆ ಓಡಾಡುವ ಗಾಡಿ, ಎರೆಮಣ್ಣಿನ ಧೂಳು ಫಿಲ್ಟರಿನಲ್ಲಿ ಗಟ್ಟಿಯಾಗಿ ಕೂತಿತ್ತು. ಹೊಸ ಪೇಪರ್ ಫಿಲ್ಟರ್ ಹಾಕಿದ ಖರ್ಚಿನಲ್ಲೇ ಅರ್ಧ ಕೆಲಸ ಮುಗಿಯಿತು.

ಹೊಸ ಗಾಡಿಯವರಿಗೆ ಗೇಜ್ ಬೇಡ, ಓಬಿಡಿ ಸ್ಕ್ಯಾನರಿನಲ್ಲಿ (ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಸೆನ್ಸರುಗಳನ್ನು ಓದುವ ಯಂತ್ರ) ಮ್ಯಾಪ್ ರೀಡಿಂಗ್, ಅಂದರೆ ಮ್ಯಾನಿಫೋಲ್ಡಿನ ಒಳಗಿನ ಒತ್ತಡ, ನೋಡಿದರೆ ಸಾಕು. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿ, ಅದು ಹೊರಗಿನ ಗಾಳಿಯ ಒತ್ತಡ; ಪೆಡಲ್ ಪೂರ್ತಿ ಒತ್ತಿದಾಗ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಅಡ್ಡಿ. ಹುಬ್ಬಳ್ಳಿಯಲ್ಲಿ ಅದು ಸಮುದ್ರಮಟ್ಟದ 101 ತೋರಿಸೋದಿಲ್ಲ, ಸುಮಾರು 93-94 ಕಿಲೋಪಾಸ್ಕಲ್ ತೋರಿಸುತ್ತದೆ. ನಾವು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದ್ದೇವೆ, ಗಾಳಿಯೇ ಅಷ್ಟು. ಕಾರವಾರಕ್ಕೆ ಇಳಿದಾಗ ಗಾಡಿ ಚುರುಕಾದಂತೆ ಅನಿಸೋದು ಇದಕ್ಕೇ. ಆ ಏಳೆಂಟು ಕಿಲೋಪಾಸ್ಕಲ್ ಯಾವ ಥ್ರಾಟಲ್ ಬಾಡಿಯೂ ವಾಪಸ್ ತರೋದಿಲ್ಲ.

ಈಗ ಉಳಿದ ಒಂದು ಇಂಚಿನ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. 46 ಮಿಲಿಮೀಟರ್ ಬೋರ್, ಅದರ ನಡುವೆ ಅಡ್ಡಲಾಗಿ 8 ಮಿಲಿಮೀಟರ್ ಶಾಫ್ಟ್ ಇದೆ ಅಂತ ಇಟ್ಟುಕೊಳ್ಳಿ. ಬೋರಿನ ಒಟ್ಟು ಜಾಗ ಸುಮಾರು 1660 ಚದರ ಮಿಲಿಮೀಟರ್. ಶಾಫ್ಟ್ ಒಂದೇ ಅದರಲ್ಲಿ 370ರಷ್ಟು ಮುಚ್ಚುತ್ತದೆ, ಹೆಚ್ಚೂಕಡಿಮೆ ಐದರಲ್ಲಿ ಒಂದು ಪಾಲು! ಗಾಳಿಗೆ ಉಳಿಯೋದು 1290. ಇದನ್ನೇ 48ಕ್ಕೆ ಬೋರ್ ಮಾಡಿಸಿ ಅದೇ ದಪ್ಪದ ಶಾಫ್ಟ್ ಇಟ್ಟರೆ 1425 ಸಿಗುತ್ತದೆ. ಬೋರ್ ಮುಟ್ಟದೆ ಶಾಫ್ಟನ್ನು ಪ್ಲೇಟ್ ಸೇರಿ 5 ಮಿಲಿಮೀಟರಿಗೆ ತೆಳ್ಳಗೆ ಮಾಡಿಸಿದರೆ 1430. ಎರಡೂ ಒಂದೇ ಅಲ್ವಾ?

ಖರ್ಚು ಮಾತ್ರ ಒಂದೇ ಅಲ್ಲ. ಬೋರ್ ದೊಡ್ಡದಾದರೆ ಹೊಸ ಪ್ಲೇಟ್ ಬೇಕು, ಆ ಪ್ಲೇಟ್ ನೋಡೋಕೆ ದುಂಡಗಿದ್ದರೂ ದುಂಡಗಿರೋದಿಲ್ಲ. ಮುಚ್ಚಿದಾಗ ಅದು ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. 6 ಡಿಗ್ರಿ ಓರೆ ಅಂದುಕೊಂಡರೆ 48ರ ಬೋರಿಗೆ ಪ್ಲೇಟಿನ ಉದ್ದ 48.26 ಬೇಕು, ಅಂಚನ್ನೂ ಓರೆಯಾಗಿಯೇ ಕಡಿಯಬೇಕು. ಲೇತ್‌ನಲ್ಲಿ ಸುಮ್ನೆ ಚಕ್ರ ಕಡಿದು ಹಾಕಿದರೆ ಐಡಲ್ (ಪೆಡಲ್ ಬಿಟ್ಟಾಗ ಎಂಜಿನ್ ತಿರುಗುವ ವೇಗ) ಒಂದೂವರೆ ಸಾವಿರದಿಂದ ಕೆಳಗೆ ಬರೋದಿಲ್ಲ. ಜೊತೆಗೆ ಮ್ಯಾನಿಫೋಲ್ಡಿನ ಬಾಯಿ 46ರಲ್ಲೇ ಉಳಿದರೆ ಅಲ್ಲೊಂದು ಮೆಟ್ಟಿಲಾಗುತ್ತದೆ, ಮಾಡಿಸಿದ ಬೋರ್ ದಂಡ.

ಹಾಗಾಗಿ ಶಾಫ್ಟ್ ಬಿಚ್ಚಿಕೊಂಡು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ನಾನು ಹೇಳಿದ ಅಳತೆ ನೋಡಿ, "ಇನ್ನೂ ತೆಳ್ಳಗ ಮಾಡಿದ್ರ ಬಾಗತೈತ್ರಿ, ಇದ ಕಡೀ ಮಿತಿ" ಅಂದರು. ಸರಿಯಾದ ಮಾತು. ಬೋರಿನ ಒಳಗೆ ಬರುವಷ್ಟು ಭಾಗವನ್ನು ಮಾತ್ರ ಪ್ಲೇಟಿನ ಎದುರು ಬದಿಯಿಂದ ಚಪ್ಪಟೆ ಮಾಡಿಸಿದೆ. ಬೇರಿಂಗಿನಲ್ಲಿ ಕೂರುವ ತುದಿಗಳನ್ನು ಮುಟ್ಟಿಸಲಿಲ್ಲ.

ಪ್ಲೇಟನ್ನು ಶಾಫ್ಟಿಗೆ ಹಿಡಿಯುವ ಸ್ಕ್ರೂ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಕಂಪನಿಯಿಂದ ಬಂದ ಸ್ಕ್ರೂಗಳ ತುದಿಯನ್ನು ಬಡಿದು ಅಗಲ ಮಾಡಿರುತ್ತಾರೆ, ಬಿಚ್ಚಿದರೆ ಮತ್ತೆ ಬಳಸೋಕೆ ಬರೋದಿಲ್ಲ. ಹೊಸ ಸ್ಕ್ರೂ, ತಲೆ ಚಪ್ಪಟೆ ಇರುವಂಥದ್ದು, ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿ ಮಾಡಿ, ಹೊರಗೆ ಚಾಚಿದ ತುದಿ ಅರದಿಂದ ತಿಕ್ಕಿ ಸಮ ಮಾಡಿ, ಮತ್ತೆ ಪಂಚ್‌ನಿಂದ ಬಡಿಯಿರಿ. ಅದು ಕಳಚಿದರೆ ಹೋಗೋದು ನೇರ ಸಿಲಿಂಡರಿಗೆ. ಪ್ಲೇಟಿನ ಅಂಚನ್ನು ಚೂರಿಯಂತೆ ಚೂಪು ಮಾಡಿ ಅನ್ನುವವರಿದ್ದಾರೆ, ಅದನ್ನು ನಾನು ಮಾಡಲಿಲ್ಲ, ಮುಚ್ಚುವ ಅಂಚೇ ಹೋದರೆ ಐಡಲ್ ಹೇಗೆ ನಿಲ್ಲಬೇಕು? ಕೆಲವು ಥ್ರಾಟಲ್ ಬಾಡಿಗಳ ಒಳಗೆ ಅಂಚಿನ ಸುತ್ತ ಕಪ್ಪು ಲೇಪ ಇರುತ್ತದೆ. ಅದು ಕೊಳೆ ಅಲ್ಲ, ಕ್ಲೀನರ್ ಹಾಕಿ ತಿಕ್ಕಬೇಡಿ.

ಫಲ ಎಷ್ಟು ಅಂದರೆ, ಗೇಜಿನ ಮುಳ್ಳು ಒಂದು ಇಂಚಿನಿಂದ ಕೂದಲೆಳೆಯಷ್ಟು ಕೆಳಗೆ ಬಂತು. ಅಷ್ಟೇ. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಹಗುರಾಗಿ ಓಡುತ್ತದೆ, ಮೂರು ಸಾವಿರದ ಕೆಳಗೆ ಏನೂ ಗೊತ್ತಾಗೋದಿಲ್ಲ.

ಹಾಗಾದರೆ ದೊಡ್ಡದು ಹಾಕಿಸಿದವರು ಪಿಕಪ್ ಬಂತು ಅನ್ನೋದು ಸುಳ್ಳಾ? ಸುಳ್ಳಲ್ಲ, ಅವರಿಗೆ ಹಾಗೆ ಅನಿಸುತ್ತದೆ. ದೊಡ್ಡ ಬೋರಿನಲ್ಲಿ ಪೆಡಲ್ ಕಾಲು ಭಾಗ ಒತ್ತಿದರೂ ಮೊದಲಿಗಿಂತ ಜಾಸ್ತಿ ಗಾಳಿ ನುಗ್ಗುತ್ತದೆ, ಗಾಡಿ ಜಿಗಿಯುತ್ತದೆ. ಪೂರ್ತಿ ಒತ್ತಿದಾಗಿನ ಶಕ್ತಿ ಇದ್ದಷ್ಟೇ. ಚೆನ್ನಮ್ಮ ಸರ್ಕಲ್ ಟ್ರಾಫಿಕ್ಕಿನಲ್ಲಿ ಆ ಜಿಗಿತ ತಲೆನೋವು. ಎಂಜಿನ್ ಇನ್ನೂ ಹೆಚ್ಚು ಗಾಳಿ ಎಳೆಯುವಂತೆ ಕ್ಯಾಮ್ ಬದಲಿಸಿದವರಿಗೆ, ಹೆಡ್ ಪೋರ್ಟಿಂಗ್ ಮಾಡಿಸಿದವರಿಗೆ ದೊಡ್ಡದು ಬೇಕಾಗಬಹುದು. ಅವರು ಗುಜರಿಯಲ್ಲಿ ಆರಿಸುವಾಗ ಬೋರ್ ಅಳತೆಗಿಂತ ಮೊದಲು ಬೋಲ್ಟ್ ತೂತುಗಳು, ಕೇಬಲ್ ಯಾವ ಕಡೆ, ಥ್ರಾಟಲ್ ಸೆನ್ಸರ್ ಯಾವ ದಿಕ್ಕಿಗೆ ತಿರುಗುತ್ತದೆ, ಐಡಲ್ ವಾಲ್ವಿಗೆ ಜಾಗ ಇದೆಯಾ ನೋಡಲಿ. ಆಮೇಲೆ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಲಿ. ಲಟಲಟ ಅಂದರೆ ಸವೆದಿದೆ, ಎಷ್ಟೇ ಅಗ್ಗ ಸಿಕ್ಕರೂ ಅಲ್ಲೇ ಬಿಟ್ಟು ಬರಲಿ.