ಮೊದಲು ಅಕ್ಷರ, ಆಮೇಲೆ ಬಲೂನು: ನನ್ನ ವೆಬ್‌ಕಾಮಿಕ್ ಅನುಭವ

ಸಾವಂತ್ರಕ್ಕ ನನ್ನ ವೆಬ್‌ಕಾಮಿಕ್‌ನ, ಅಂದರೆ ನೆಟ್‌ನಲ್ಲಿ ಕಂತುಕಂತಾಗಿ ಹಾಕುವ ಚಿತ್ರಕಥೆಯ, ಪಾತ್ರ. ಅವಳ ಚಿತ್ರವನ್ನು ನಾನು ಮೊದಲು ಬರೆದದ್ದು 2018ರಲ್ಲಿ. ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಗಾಡಿ ಇಟ್ಟುಕೊಂಡು, ಬಂದವರನ್ನೆಲ್ಲ ಮಾತಾಡಿಸುವ ಹೆಂಗಸು ಅವಳು. ನಾನಾಗ ಹಗಲು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡುತ್ತಿದ್ದೆ. ಚಿತ್ರ ಏನಿದ್ದರೂ ರಾತ್ರಿ ಊಟ ಆದ ಮೇಲೆ. ಮೊದಲ ಆರು ತಿಂಗಳು ಅವಳ ಬಾಯಲ್ಲಿ ಇಂಗ್ಲಿಷ್ ಆಡಿಸಿದೆ, ಜಾಸ್ತಿ ಜನ ಓದುತ್ತಾರೆ ಅಂತ. ಒಂದು ಕಂತಿನಲ್ಲಿ ಅವಳು ಗಾಡಿ ಹತ್ತಿರ ಬಂದ ಹುಡುಗನನ್ನು "ಏನಲೇ, ಉಂಡೇನು?" ಅಂತ ಕೇಳಬೇಕಿತ್ತು. ಇಂಗ್ಲಿಷಿನಲ್ಲಿ ನಾಲ್ಕು ರೀತಿ ಬರೆದು ನೋಡಿದೆ. ಯಾವುದರಲ್ಲೂ ಆ 'ಲೇ' ಬರಲಿಲ್ಲ. ಆ ರಾತ್ರಿಯೇ ಕನ್ನಡಕ್ಕೆ ಬಂದೆ.

ಬಂದ ಕೂಡಲೇ ಅಕ್ಷರದ ತೊಂದರೆ ಶುರುವಾಯಿತು. ನಾನು ಬಳಸುತ್ತಿದ್ದ ಚಿತ್ರದ ಆ್ಯಪ್‌ನಲ್ಲಿ ಒತ್ತಕ್ಷರ ಒಡೆಯುತ್ತಿತ್ತು. 'ಮಂಡಕ್ಕಿ' ಅಂತ ಹೊಡೆದರೆ 'ಮಂಡಕ್‌ಕಿ' ಅಂತ ಬೀಳುತ್ತಿತ್ತು. ದಿನವಿಡೀ ಅಕ್ಷರ ಕೂರಿಸುವ ಕೆಲಸ ನನ್ನದು, ಅದನ್ನು ಹಾಗೇ ಬಿಡೋಕೆ ಮನಸ್ಸು ಒಪ್ಪಲಿಲ್ಲ. ಇಂಕ್‌ಸ್ಕೇಪ್ ಅನ್ನುವ ಚಿತ್ರದ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ, ದುಡ್ಡೂ ಕೊಡಬೇಕಾಗಿಲ್ಲ. ಚಿತ್ರವನ್ನು ಅದಕ್ಕೆ ತಂದು ಮಾತು ಸೇರಿಸತೊಡಗಿದೆ. ಅಕ್ಷರಕ್ಕೆ 'ಬಾಲೂ ತಮ್ಮ' ಅನ್ನುವ ಕನ್ನಡ ಫಾಂಟ್ ಹಿಡಿದೆ. ಅದು ಮುಕ್ತ ಲೈಸೆನ್ಸಿನದು, ನಾಳೆ ಪುಸ್ತಕ ಮಾಡಿ ಮಾರಿದರೂ ಯಾರಿಗೂ ಶುಲ್ಕ ಕಟ್ಟಬೇಕಿಲ್ಲ. ಹೊಸಬರು ಅಲ್ಲಿಂದಲೇ ಶುರು ಮಾಡಬಹುದು.

ಒಂದು ವರ್ಷ ಹಾಗೇ ಮಾಡಿ ಆಮೇಲೆ ಕೈಯಲ್ಲೇ ಬರೆಯೋಕೆ ಶುರು ಮಾಡಿದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷ್ ಕಾಮಿಕ್‌ನಲ್ಲಿ ಸಾಮಾನ್ಯವಾಗಿ ಎಲ್ಲ ದೊಡ್ಡಕ್ಷರ. ಒಂದೇ ಎತ್ತರ, ಪಾತ್ರದ ಮಾತು ಬರೆಯುವ ಮೊಟ್ಟೆಯಾಕಾರದ ಬಲೂನಿನಲ್ಲಿ ಚೆನ್ನಾಗಿ ಕೂರುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಎರಡು ಸಾಲು ಹತ್ತಿರ ಬಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅದಕ್ಕೇ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಇನ್ನು ಪದಗಳ ಉದ್ದ! 'ಹೋಗಬೇಕಾಗಿತ್ತಲ್ಲ' ಅನ್ನುವುದು ಒಂದೇ ಪದ. ಮಧ್ಯದಲ್ಲಿ ಮುರಿದರೆ ಓದುವವರು ಮುಗ್ಗರಿಸುತ್ತಾರೆ. ಹಾಗಾಗಿ ಬಲೂನು ಅಗಲ ಆಗುತ್ತದೆ, ಬಲೂನು ಅಗಲವಾದಷ್ಟು ಚಿತ್ರಕ್ಕೆ ಜಾಗ ಕಡಿಮೆ. ಕೈಯಲ್ಲಿ ಬರೆದರೆ ಇದ್ದ ಜಾಗಕ್ಕೆ ತಕ್ಕಂತೆ ಅಕ್ಷರ ಹೊಂದಿಸಬಹುದು. ಇದರ ಜೊತೆಗೆ ಆಡುಮಾತೂ ಕೈ ಹಿಡಿಯಿತು. 'ಹೋಗ್ಬೇಕಿತ್ತಲ್ಲ' ಅಂದರೆ ಎರಡು ಅಕ್ಷರ ಉಳಿಯಿತು, ಕೇಳೋಕೂ ಸಾವಂತ್ರಕ್ಕನ ಮಾತೇ ಆಯಿತು.

ಈಗ ನನ್ನ ಕೆಲಸದ ಕ್ರಮ ಹೀಗೆ. ಮೊದಲು ಮಾತನ್ನು ಬಾಯಲ್ಲಿ ಆಡಿ ನೋಡುತ್ತೇನೆ. ಖಾಲಿ ಚೌಕದಲ್ಲಿ ಅದನ್ನೇ ಬರೆಯುತ್ತೇನೆ. ಅದರ ಸುತ್ತ ಬಲೂನು ಸುತ್ತುತ್ತೇನೆ. ಉಳಿದ ಜಾಗದಲ್ಲಿ ಮನುಷ್ಯರು. ಸಿಟ್ಟಿನ ಮಾತಿಗೆ ಓರೆ ಅಕ್ಷರ ಬಳಸುವುದಿಲ್ಲ. ನಮ್ಮ ಅಕ್ಷರದ ದುಂಡು ಆಕಾರ ಓರೆಯಲ್ಲಿ ಕೆಡುತ್ತದೆ. ಬದಲಿಗೆ 'ಬಾರಲೇಏಏ' ಅಂತ ಎಳೆದು, ಕೊನೆಕೊನೆಗೆ ದೊಡ್ಡದು ಮಾಡುತ್ತೇನೆ.

ಕನ್ನಡದಲ್ಲಿ ಹಾಕತೊಡಗಿದ ಮೇಲೆ ಚಿತ್ರಗಳು ಇನ್‌ಸ್ಟಾಗ್ರಾಂನಿಂದ ಇಳಿದು ವಾಟ್ಸಾಪ್‌ನಲ್ಲಿ ಓಡಾಡಿದವು. ಒಂದು ಸೋಶಿಯಲ್ ಮೀಡಿಯಾ ಪುಟದವರು ಕೆಳಗಿನ ಸಹಿ ಕತ್ತರಿಸಿ ತಮ್ಮ ಹೆಸರಿನಲ್ಲಿ ಹಾಕಿಕೊಂಡರು. ತುಂಬ ನೋವಾಯಿತು. ಅಂದಿನಿಂದ ಸಹಿಯನ್ನು ಮೂಲೆಯಲ್ಲಿ ಹಾಕುವುದಿಲ್ಲ. ಮಂಡಕ್ಕಿ ಗಾಡಿಯ ಬೋರ್ಡಿನ ಮೇಲೇ ಬರೆಯುತ್ತೇನೆ. ಕತ್ತರಿಸಬೇಕಾದರೆ ಗಾಡಿಯನ್ನೇ ಕತ್ತರಿಸಬೇಕು.

2020ರಲ್ಲಿ ಪುಸ್ತಕ ಮಾಡೋಣ ಅಂತ ಪ್ರೆಸ್ಸಿಗೆ ಹೋದೆ. ಅಲ್ಲಿನ ಹಿರಿಯರು ಫೈಲ್ ತೆರೆದು, "ತಮ್ಮಾ, ಇದು ಬೆಂಕಿಪೊಟ್ಟಣದ ಮೇಲೆ ಹಾಕೋಕೆ ಸರಿ ನೋಡು" ಅಂದರು. ಎರಡು ವರ್ಷ ನಾನು ಬರೆದದ್ದೆಲ್ಲ ಫೋನಿನ ಅಳತೆಯಲ್ಲಿ, 1080 ಪಿಕ್ಸೆಲ್ ಅಗಲ. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು. ಭಾಗಿಸಿದರೆ 3.6 ಇಂಚು, ಅಂದರೆ ಸುಮಾರು 9 ಸೆಂಟಿಮೀಟರ್. ಡಿಟಿಪಿಯಲ್ಲಿದ್ದೂ ನನಗೆ ಹೊಳೆದಿರಲಿಲ್ಲ, ಯಾಕೆಂದರೆ ಅಷ್ಟು ದಿನ ಅದು ಪುಸ್ತಕ ಆಗುತ್ತದೆ ಅಂತ ನಾನೇ ನಂಬಿರಲಿಲ್ಲ. ನಲವತ್ತು ಪುಟ ಮತ್ತೆ ಬರೆದೆ. ಒಂಬತ್ತು ತಿಂಗಳು ಹಿಡಿಯಿತು. ಈಗ ಎ4 ಅಳತೆ, ಇಂಚಿಗೆ 600 ಚುಕ್ಕೆ, ಫೋನಿಗೆ ಹಾಕುವಾಗ ಮಾತ್ರ ಚಿಕ್ಕದು ಮಾಡುತ್ತೇನೆ. ಪುಸ್ತಕ 48 ಪುಟದ್ದು, ಅಂದರೆ 16 ಪುಟ ಒಟ್ಟಿಗೆ ಅಚ್ಚಾಗುವ ಹಾಳೆ ಮೂರು, ನಡುವೆ ಮಡಿಚಿ ಪಿನ್ ಹೊಡೆದದ್ದು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಶುಲ್ಕವಿಲ್ಲ, ಅರ್ಜಿ ಹಾಕಿದರೆ ಸಾಕು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಒಂದು ಬ್ಯಾಗ್ ತುಂಬ ತಗೊಂಡು ಹೋಗಿದ್ದೆ, ಸಂಜೆ ಖಾಲಿ ಬ್ಯಾಗ್ ಹಿಡಿದು ಬಸ್ ಹತ್ತಿದೆ.

ದುಡ್ಡಿನ ವಿಷಯ. ತಿಂಗಳಿಗೆ ಇಷ್ಟು ಅಂತ ಓದುಗರು ಕಾರ್ಡಿನಿಂದ ಕಳಿಸುತ್ತಿದ್ದರು. 2021ರ ಅಕ್ಟೋಬರ್‌ನಲ್ಲಿ ತಾನಾಗೇ ಕಟ್ಟಾಗುವ ಪಾವತಿಯ ನಿಯಮ ಬದಲಾದಾಗ ಅದು ಅರ್ಧಕ್ಕರ್ಧ ನಿಂತಿತು. ಯುಪಿಐ ಕ್ಯೂಆರ್ ಕೋಡ್ ಹಾಕಿದೆ, ತಮಗೆ ತೋಚಿದಾಗ ಐವತ್ತು, ನೂರು ಹಾಕುತ್ತಾರೆ. ಅದರಿಂದ ಮನೆ ನಡೆಯುವುದಿಲ್ಲ. ಮನೆ ನಡೆಸುತ್ತಿರುವುದು ಆ ಕೈಬರಹ. ಅದನ್ನು ನೋಡಿ ಅಂಗಡಿ ಬೋರ್ಡು, ಸಿನಿಮಾ ಟೈಟಲ್, ಮಕ್ಕಳ ಪುಸ್ತಕದ ಅಕ್ಷರ ಬರೆಸುವವರು ಹುಡುಕಿಕೊಂಡು ಬಂದರು. 2022ರಲ್ಲಿ ಡಿಟಿಪಿ ಕೆಲಸ ಬಿಟ್ಟೆ.

ಒಮ್ಮೆ ಒಂದು ಕಂಪನಿಗೆ ಸಾವಂತ್ರಕ್ಕನೇ ಬೇಕಾಯಿತು, ಜಾಹೀರಾತಿಗೆ. ಕೊಡುವ ಮೊತ್ತ ಚೆನ್ನಾಗಿತ್ತು. ಕರಾರಿನಲ್ಲಿ 'ಎಲ್ಲ ಹಕ್ಕು, ಶಾಶ್ವತವಾಗಿ' ಅಂತಿತ್ತು. ವಕೀಲಿ ಮಾಡುವ ಗೆಳತಿಯೊಬ್ಬಳು ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಓದಿಸಿದಳು. ಹಕ್ಕು ಬರೆದುಕೊಡುವುದು ಲಿಖಿತವಾಗಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಜಾಗ ಬರೆಯದಿದ್ದರೆ ಭಾರತದೊಳಗೆ ಅಂತ ಲೆಕ್ಕ. ಕರಾರಿನಲ್ಲಿ 'ಶಾಶ್ವತ' ಅಂತ ಬರೆದೇ ಇದ್ದರೆ ಆ ರಕ್ಷಣೆ ನಮಗೆ ಸಿಗುವುದಿಲ್ಲ. ನಾನು ಒಂದು ವರ್ಷ, ಕರ್ನಾಟಕದಲ್ಲಿ ಮಾತ್ರ, ಆ ಒಂದೇ ಜಾಹೀರಾತಿಗೆ ಅಂತ ತಿದ್ದಿ ಕಳಿಸಿದೆ. ಅವರು ಒಪ್ಪಲಿಲ್ಲ, ಆ ಕೆಲಸ ಹೋಯಿತು. ಸಾವಂತ್ರಕ್ಕ ನನ್ನ ಹತ್ತಿರವೇ ಉಳಿದಳು. ಇವತ್ತಿಗೂ ಅದು ಸರಿ ಅಂತಲೇ ನನ್ನ ನಂಬಿಕೆ.

ಹೋದ ವರ್ಷ ದುಬೈನಿಂದ ಒಬ್ಬ ಓದುಗರು ಬರೆದಿದ್ದರು. ಏಳು ವರ್ಷದ ಮಗಳಿಗೆ ಕನ್ನಡ ಓದು ಕಲಿಸೋಕೆ ಸಾವಂತ್ರಕ್ಕನ ಕಂತುಗಳನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದಾರಂತೆ. "ಅಣ್ಣಾ, ಒತ್ತು ಸ್ವಲ್ಪ ದೊಡ್ಡದಾಗಿ ಬರೀತೀರಾ? ಅವಳಿಗೆ ಅಲ್ಲೇ ತಡೆಯುತ್ತೆ" ಅಂತ ಕೇಳಿದ್ದರು. ಆವತ್ತಿಂದ ಒತ್ತಕ್ಷರವನ್ನು ಮೊದಲಿಗಿಂತ ಒಂದು ಗೆರೆ ದಪ್ಪ ಬರೆಯುತ್ತೇನೆ. ಬಲೂನು ಇನ್ನಷ್ಟು ಅಗಲವಾಗಿದೆ. ಸಾವಂತ್ರಕ್ಕನ ಗಾಡಿಯನ್ನು ಸ್ವಲ್ಪ ಎಡಕ್ಕೆ ಸರಿಸಿದ್ದೇನೆ.