ಕವಾಸಾಕಿ ಕಾಯಿಲೆಯ ಬಗ್ಗೆ ಊರವರಿಗೆ ತಿಳಿಸುವುದು ಹೇಗೆ

ಮಗಳಿಗೆ ಕವಾಸಾಕಿ (ಪುಟ್ಟ ಮಕ್ಕಳಿಗೆ ಬರುವ, ರಕ್ತನಾಳಗಳಲ್ಲಿ ಉರಿಯೂತವಾಗುವ ಕಾಯಿಲೆ) ಬಂದ ಮೇಲೆ ನಾವು ಯಾರಿಗೆ ಹೇಳಿದರೂ ಲಕ್ಷಣದಿಂದಲೇ ಶುರು ಮಾಡುತ್ತೇವೆ. ನೀವೂ ಹಾಗೇ ಮಾಡಿ. ಐದು ದಿನವಾದರೂ ಬಿಡದ ಜ್ವರ. ಪಿಸುರಿಲ್ಲದೆ ಕೆಂಪಾದ ಎರಡೂ ಕಣ್ಣು. ಒಡೆದ ತುಟಿ, ಸ್ಟ್ರಾಬೆರಿಯಂಥ ನಾಲಿಗೆ. ಮೈಮೇಲೆ ದದ್ದು, ಊದಿದ ಕೈಕಾಲು, ಕುತ್ತಿಗೆಯಲ್ಲಿ ಗಂಟು. ಎಲ್ಲವೂ ಒಟ್ಟಿಗೇ ಕಾಣುವುದಿಲ್ಲ. ಬಂದು ಹೋಗುವುದರ ಫೋಟೊ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ ಅನ್ನಿ. ನಮ್ಮ ಮಗಳ ಬೆರಳ ತುದಿಯ ಚರ್ಮ ಸುಲಿದದ್ದು ಎರಡನೇ ವಾರದಲ್ಲಿ, ಉಗುರಿನ ಬುಡದಿಂದ.

ಆಮೇಲೆ ಹೃದಯದ ವಿಷಯ. ಈ ಉರಿಯೂತದಿಂದ ಹೃದಯಕ್ಕೆ ರಕ್ತ ಕೊಡುವ ನಾಳಗಳು ಉಬ್ಬಬಹುದು. ಜ್ವರ ಶುರುವಾದ 10 ದಿನದೊಳಗೆ ಐವಿಐಜಿ (ಡ್ರಿಪ್‌ನಲ್ಲಿ ಕೊಡುವ ಪ್ರತಿಕಾಯಗಳ ಔಷಧಿ) ಕೊಟ್ಟರೆ ಆ ಅಪಾಯ ತುಂಬಾ ಕಡಿಮೆಯಾಗುತ್ತದೆ. 'ಎಕೋ ಮಾಡಿಸಬೇಕಾ ಡಾಕ್ಟ್ರೇ?' ಎಕೋ ಅಂದರೆ ಹೃದಯದ ಸ್ಕ್ಯಾನ್. ಈ ಪ್ರಶ್ನೆಯನ್ನು ಅಮ್ಮಂದಿರಿಗೆ ಬಾಯಿಪಾಠ ಮಾಡಿಸಿ. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ ಅಂತ ನನಗನ್ನಿಸುತ್ತದೆ.

ಅಂಟುರೋಗ ಅಲ್ಲ ಅಂತಲೂ ಹೇಳಿಬಿಡಿ, ಇಲ್ಲಾಂದ್ರೆ ಮಗುವನ್ನು ಸುಮ್ನೆ ದೂರ ಇಡುತ್ತಾರೆ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಮೆಡಿಕಲ್ ಶಾಪ್‌ನವರು, ಇವರಿಗೆ ಮೊದಲು ತಿಳಿಸಿ. ಜನವರಿ 26 ಕವಾಸಾಕಿ ಜಾಗೃತಿ ದಿನವೂ ಹೌದು. ಅವತ್ತು ಶಾಲೆಗೆ ಅಪ್ಪ ಅಮ್ಮಂದಿರು ಬಂದಿರುತ್ತಾರಲ್ವಾ, ಧ್ವಜ ಹಾರಿಸಿದ ಮೇಲೆ ಎರಡು ನಿಮಿಷ ಮಾತಾಡಲು ಹೆಡ್‌ಮಾಸ್ಟರನ್ನು ಕೇಳಿ. ಐವಿಐಜಿ ಪಡೆದ ಮಗುವಿಗೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಲಸಿಕೆ ಹಾಕುವ ನರ್ಸ್‌ಗೆ ಇದನ್ನೂ ನೆನಪಿಸಿ.